ಕೊಡಲಿ ಒಲ್ಲದ ಬನದಲ್ಲೊಂದು ತೊಟ್ಟಿಲು

ನನ್ನ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿ ಒಂದು ಕಟ್ಟಿಗೆಯ ತುಂಡು ಇರುತ್ತದೆ. ನೋಡಲು ಏನೂ ಚಂದವಿಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಸಣ್ಣ ತುದಿಯನ್ನು ಇಲಿ ಕಡಿದ ಹಾಗೆ ಯಾರೋ ಕೆತ್ತಿದ್ದಾರೆ. ಯಾರೋ ಏನು ಬಂತು, ಆ ಇಲಿ ನಾನೇ. ಬೆಲ್ಲದ ಪೆಂಟೆ ಒಡೆಯಲು, ಶುಂಠಿ ಜಜ್ಜಲು, ಬಿಗಿದು ಕೂತ ಡಬ್ಬಿಯ ಮುಚ್ಚಳಕ್ಕೆ ಬುದ್ಧಿ ಹೇಳಲು ಅದು ಬೇಕು. ಮೊನ್ನೆ ಗ್ಯಾಸ್ ಒಲೆಯ ರಿಪೇರಿಗೆ ಬಂದವನು ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಅಮ್ಮಾರ, ಗ್ಯಾಸ್ ತೀರಿದ್ರ ಉರಸಾಕಂತ ಇಟ್ಟೀರೇನ್ರಿ ಇದನ್ನ?" ಎಂದು ಕೇಳಿದ.

"ಇಡಪಾ ಕೆಳಗ. ಕೊಡತಿ ಅದು," ಎಂದೆ.

ಬಡಿಗೇರ ಹತ್ತಿರ ಇರುತ್ತದಲ್ಲ, ಉಳಿಯ ತಲೆಗೆ ಹೊಡೆಯುವ ಕಟ್ಟಿಗೆಯ ಸುತ್ತಿಗೆ, ಅದಕ್ಕೆ ಕೊಡತಿ ಎನ್ನುತ್ತಾರೆ. ಅವನು ನಕ್ಕ. ನಗಲಿ ಬಿಡಿ. ಬಡಿಗೇರ ಕೊಡತಿಗೂ ನನ್ನ ಕೊಡತಿಗೂ ಇರುವ ಅಂತರ ಪಲ್ಲಕ್ಕಿಗೂ ನಮ್ಮೂರ ಟಂಟಂ ಗಾಡಿಗೂ ಇರುವಷ್ಟೇ. ಎರಡೂ ಊರು ಮುಟ್ಟಿಸುತ್ತವೆ.

ಕಟ್ಟಿಗೆ ಕೆತ್ತುವ ಆಸೆ ನನಗೆ ಹುಟ್ಟಿನಿಂದ ಇತ್ತೆಂದು ಹೇಳಿದರೆ ನಮ್ಮ ಮನೆಯವರು ನಂಬುವುದಿಲ್ಲ. ನನ್ನ ತವರು ಸಾಲಹಳ್ಳಿ. ಅಪ್ಪ ಹೊಲದ ಬದುವಿನ ಮೇಲೆ ಕುಳಿತು ಕುಡುಗೋಲಿನಿಂದ ಅಣ್ಣನಿಗೆ ಚಿಣಿಫಣಿ ಆಟದ ಚಿನ್ನಿ, ಕೋಲು ಹೆರೆದು ಕೊಡುತ್ತಿದ್ದ. ಕೋಲಿನಿಂದ ಸುರುಳಿ ಸುರುಳಿಯಾಗಿ ತೊಗಟೆ ಬೀಳುವುದನ್ನು ನೋಡುತ್ತ ನಾನು ಎದುರಿಗೆ ಕೂಡುತ್ತಿದ್ದೆ. ಆ ಸುರುಳಿಗಳನ್ನು ಆರಿಸಿ ಕಿವಿಗೆ ಝುಮಕಿಯ ಹಾಗೆ ಸಿಕ್ಕಿಸಿಕೊಳ್ಳುತ್ತಿದ್ದೆ. "ಅಪ್ಪಾ, ನನಗೊಂದೀಟ ಕೊಡು, ನಾನೂ ಹೆರೀತೇನಿ," ಎಂದರೆ ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು. "ಕುಡಗೋಲ ಬ್ಯಾಡ, ಇಲ್ಲಿ ಈಳಿಗಿ ಐತಿ, ಬಾ. ಬದನೀಕಾಯಿ ನಿನ್ನ ದಾರಿ ಕಾಯಾಕ ಹತ್ತ್ಯಾವ."

ಹೀಗೆ ನಾನು ಈಳಿಗೆಯವಳಾದೆ. ಮಣೆಯ ಮೇಲೆ ಒಂದು ಕಾಲು ಇಟ್ಟು ಕೂತರೆ ಹುರುಳಿಕಾಯಿ, ಬೆಂಡೆಕಾಯಿ, ಹಲಸು, ಯಾವುದನ್ನಾದರೂ ಕಣ್ಣು ಮುಚ್ಚಿ ಹೆಚ್ಚುತ್ತೇನೆ ಎಂಬ ಸೊಕ್ಕು ನನಗಿದೆ. ಬೆರಳುಗಳೆಲ್ಲ ಇನ್ನೂ ಇದ್ದಲ್ಲೇ ಇವೆ. ಅದು ನನ್ನ ಜಾಣತನವಲ್ಲ, ದೇವರ ಉಪಕಾರ.

ಉಪಕಾರ ಎಂದಾಗ ನೆನಪಾಯಿತು. ದಿನಾ ಸಂಜೆ ದೀಪ ಹಚ್ಚಿ, ವಿಭೂತಿ ಹಚ್ಚಿಕೊಂಡು ಕೂತಾಗ, ಆವತ್ತು ದೇವರು ಮಾಡಿದ ಸಣ್ಣ ಪುಟ್ಟ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ದೊಡ್ಡವನ್ನು ಎಲ್ಲರೂ ನೆನೆಯುತ್ತಾರೆ. ನಾನು ಸಣ್ಣವನ್ನು ನೆನೆಯುತ್ತೇನೆ. ಪಲ್ಯ ಬೆಂದ ಮೇಲೆಯೇ ಸಿಲಿಂಡರ್ ಖಾಲಿಯಾಯಿತು. ಸವದತ್ತಿಯ ಬಸ್ಸಿನಲ್ಲಿ ಬಿಸಿಲು ಬಾರದ ಕಡೆಯ ಸೀಟು ಸಿಕ್ಕಿತು. ಮಳೆಯ ಹನಿ ಬೀಳುವ ಮುಂಚೆ ಹಪ್ಪಳ ಒಳಗೆ ತಂದೆ. ನಮ್ಮ ಯಜಮಾನರು ನಗುತ್ತಾರೆ. "ನಿನ್ನ ದೇವರಿಗೆ ಹಪ್ಪಳ ಕಾಯೂದಾ ಕೆಲಸೇನು?" ಎನ್ನುತ್ತಾರೆ. ಹಪ್ಪಳ ತಿನ್ನುವಾಗ ಮಾತ್ರ ಸುಮ್ಮನಿರುತ್ತಾರೆ.

ಆದರೆ ದೊಡ್ಡ ಉಪಕಾರವನ್ನೂ ಬೇಡಿದ್ದೇನೆ, ಒಂದು ಸಲ. ನನ್ನ ಮಗಳು ಗಿರಿಜಾ ದಿನ ತುಂಬುವ ಮುಂಚೆಯೇ ಹೆತ್ತಳು. ಹೆಣ್ಣು ಕೂಸು. ಅಂಗೈಯಲ್ಲಿ ಹಿಡಿಯುವಷ್ಟು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಇತ್ತ ಗಿರಿಜಾಳಿಗೆ ರಕ್ತ ನಿಲ್ಲಲೊಲ್ಲದು. ಒಂದು ಬಾಗಿಲ ಹಿಂದೆ ಮಗಳು, ಇನ್ನೊಂದು ಬಾಗಿಲ ಹಿಂದೆ ಮೊಮ್ಮಗಳು. ನಡುವಿನ ಬೆಂಚಿನ ಮೇಲೆ ನಾನು. ಆಗ ನನ್ನ ಬಾಯಿಯಿಂದ ಬಂದದ್ದು: "ಬನದ ತಾಯಿ, ಈ ಎರಡೂ ಜೀವ ನನ್ನ ಕೈಗೆ ಕೊಟ್ರ ನಿನ್ನ ಬೇವಿನ ಗಿಡಕ್ಕ ನನ್ನ ಕೈಲೇ ಮಾಡಿದ ತೊಟ್ಟಿಲ ಕಟ್ತೇನಿ."

ನನಗೆ ಗೊತ್ತಿರುವುದು ಹೋಳಿಗೆ. ಗೊತ್ತಿರುವುದು ಕಡುಬು, ಕುಬಸ ಹೊಲಿಯುವುದು, ಹೂ ಕಟ್ಟುವುದು. ಅದರಲ್ಲೇ ಯಾವುದಾದರೂ ಒಂದನ್ನು ಬೇಡಿಕೊಳ್ಳಬಹುದಿತ್ತು. ಬೇಡುವಾಗ ನಾಲಿಗೆ ಉದ್ದ, ತೀರಿಸುವಾಗ ಕೈ ಗಿಡ್ಡ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಎರಡೂ ಜೀವ ಕೈಗೆ ಬಂದವು. ಡಾಕ್ಟರಮ್ಮ ಮನೆಗೆ ಕಳಿಸುವಾಗ ಗಿರಿಜಾಳ ಭುಜ ಹಿಡಿದು, ಇನ್ನೊಂದು ಹೆರಿಗೆಯ ವಿಚಾರ ಮಾಡಬೇಡಿ, ಈ ದೇಹ ತಡೆಯುವುದಿಲ್ಲ ಎಂದು ಎಲ್ಲರೆದುರು ಹೇಳಿದರು.

ಬನದ ತಾಯಿ ಎಂದರೆ ದೊಡ್ಡ ಗುಡಿ, ಗೋಪುರ ಎಂದು ತಿಳಿಯಬೇಡಿ. ಸಾಲಹಳ್ಳಿಯ ಹೊಲಗಳ ನಡುವೆ ಒಂದಿಷ್ಟು ಬೇವು, ಜಾಲಿ. ನಡುವೆ ಅರಿಸಿನ ಕುಂಕುಮದ ಒಂದು ಕಲ್ಲು. ಅಷ್ಟೇ. ಆದರೆ ತಾಯಿಯ ಕಟ್ಟಳೆ ಬಿಗಿ. ಬನದಲ್ಲಿ ಕೊಡಲಿಯ ಸಪ್ಪಳ ಆಗಬಾರದು. ಕುಡುಗೋಲು, ಗರಗಸ, ಸುತ್ತಿಗೆ ಯಾವುದೂ ಒಳಗೆ ಬರುವಂತಿಲ್ಲ. ಬಿದ್ದ ಕಟ್ಟಿಗೆಯನ್ನಷ್ಟೇ ಮುಟ್ಟಬೇಕು, ಕೈಯಿಂದ ಮಾಡುವ ತೊಟ್ಟಿಲನ್ನು ಅದರಿಂದ ಅಲ್ಲೇ ಕೂತು ಮಾಡಬೇಕು. ತೊಟ್ಟಿಲಿಗೆ ಮೊಳೆ ಬಡಿಯಬಾರದು. ತಾಯಿಗೆ ಲಿಂಬೆಹಣ್ಣು ಕೊಯ್ಯಲು ತಂದ ಚಾಕು ಒಂದೇ ಒಳಗೆ ಬರಬಹುದಾದ ಕಬ್ಬಿಣ. ಇನ್ನೊಂದು ಮಾತು ಇದೆ. ತೊಟ್ಟಿಲಲ್ಲಿ ದುಂಡಗಿನ ಕಲ್ಲಿಟ್ಟು ಕಟ್ಟಿದರೆ ಅದು ಕೊಟ್ಟದ್ದಕ್ಕೆ ಸಲ್ಲಿಸಿದ ಹರಕೆ. ಖಾಲಿ ತೊಟ್ಟಿಲು ಕಟ್ಟಿದರೆ ಇನ್ನೊಂದು ಕೊಡು ಎಂದು ಬೇಡಿದ ಹಾಗೆ. ಒಂದು ಕೂಸಿಗೆ ಒಂದೇ ತೊಟ್ಟಿಲು.

ಕೂಸು ಮೈ ಕೈ ತುಂಬಿಕೊಂಡ ಮೇಲೆ, ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗಲು ರಾಮದುರ್ಗದಿಂದ ನಮ್ಮ ಬೀಗತಿ ನೀಲವ್ವನವರು ನಮ್ಮೂರು ಬೈಲಹೊಂಗಲಕ್ಕೆ ಬಂದರು. ಬಾಯಿ ಜೋರು, ಕೈ ಉದಾರ. ನಾನು ಮಾಡಿದ ಹೋಳಿಗೆ ಉಂಡು "ಛಲೋ ಆಗ್ಯಾವ್ರಿ, ಹೂರಣ ಒಂದೀಟ ಕಡಿಮಿ" ಎನ್ನುವಂಥವರು. ನಾನೂ ಅವರ ಸೀರೆ ನೋಡಿ "ಬಣ್ಣ ಛಲೋ ಐತ್ರಿ, ಸೆರಗ ಒಂದ ಜರಾ" ಎಂದು ಸಾಲ ತೀರಿಸುವವಳು. ಓಣಿಯ ದಾವಲನ ಗಾಡಿ ಹೇಳಿ, ನಮ್ಮ ಯಜಮಾನರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹೆಂಗಸರು ಹಿಂದೆ ಕೂತು ಹೊರಟೆವು. ಯರಗಟ್ಟಿ ದಾಟಿದ ಮೇಲೆ ನೀಲವ್ವ ಕೆಮ್ಮಿದರು.

"ಅಕ್ಕಾರ, ಸಾಲಹಳ್ಳಿ ಬನದಾಗ ಒಂದೀಟ ಇಳಿಯೂಣ್ರಿ. ನಂದೊಂದು ಹರಕಿ ಐತಿ."

"ನಂದೂ ಐತ್ರಿ," ಎಂದೆ.

"ಏನ್ ಬೇಡ್ಕೊಂಡೀರಿ?"

"ತೊಟ್ಟಿಲ."

"ಯವ್ವಾ! ನಂದೂ ತೊಟ್ಟಿಲಾನ!"

"ನಾ ನನ್ನ ಕೈಲೇ ಮಾಡ್ತೇನಿ ಅಂದ ಬಿಟ್ಟೇನ್ರಿ."

"ನಾನೇನ ಮಂದೀ ಕೈಲೇ ಮಾಡ್ತೇನಿ ಅಂದೇನೇನು?" ಎಂದು ನೀಲವ್ವ ಕೈ ಚಾಚಿ ತೋರಿಸಿದರು. ದಪ್ಪ ಕೈ, ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈ.

ಮುಂದಿನ ಸೀಟಿನಿಂದ ನಮ್ಮವರು ಸಡಗರದಿಂದ ಒಂದು ಚೀಲ ಬಿಚ್ಚಿದರು. "ಅದಕ್ಯಾಕ ಇಬ್ಬರೂ ತಲಿ ಕೆಡಿಸ್ಕೊಳ್ತೀರಿ? ಸವದತ್ತಿ ಪ್ಯಾಟ್ಯಾಗ ಅಗದೀ ಚಂದಂದು ಸಿಕ್ಕಿತ್ತು, ತಂದ ಇಟ್ಟೇನಿ." ಕೆಂಪು ಹಳದಿ ಬಣ್ಣದ ಪುಟ್ಟ ತೊಟ್ಟಿಲು. ನೀಲವ್ವ ಅದನ್ನು ಇಸಿದುಕೊಂಡು ಮಗುಚಿ ನೋಡಿ ತಿರುಗಿ ಕೊಟ್ಟರು. "ಮೊಳಿ ಹೊಡದಾರಲ್ರಿ ಬೀಗರ. ಕೂಸಿಗೆ ಆಡಾಕ ಕೊಡ್ರಿ."

ಕೂಸನ್ನು ಎದೆಗೊತ್ತಿಕೊಂಡು ಕೂತಿದ್ದ ಗಿರಿಜಾ ಅಷ್ಟು ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು. "ಇಬ್ಬರೂ ಕೂಡಿ ಒಂದ ಮಾಡ್ರಿ," ಎಂದಳು. "ಎರಡ ಕಟ್ಟಿದ್ರ ನಾ ಇಲ್ಲೇ ಇಳದು ಬೈಲಹೊಂಗಲಕ್ಕ ನಡಕೋತ ಹೋಗ್ತೇನಿ."

ನಾವು ನಕ್ಕೆವು. ಅವಳು ನಗಲಿಲ್ಲ. ನೀಲವ್ವ ಸೊಸೆಯ ಮಂಡಿ ತಟ್ಟಿ, "ಡಾಕ್ಟರ್ ಮಾತು ಡಾಕ್ಟರಿಗೆ, ತಾಯಿ ಮಾತು ತಾಯಿಗೆ. ವಂಶಕ್ಕೊಂದು ಕುಡಿ ಬೇಕಲ್ಲವಾ," ಎಂದರು. ಮೆತ್ತಗೇ ಅಂದರು. ಮೆತ್ತಗೆ ಅಂದಿದ್ದಕ್ಕೇ ನನಗೆ ಹೆಚ್ಚು ಕಳವಳವಾಯಿತು.

ಬನದ ಹೊರಗೆ ಗಾಡಿ ನಿಲ್ಲಿಸಿ ದಾವಲ, "ಹಾತೋಡಿ, ಪಾನಾ ಎಲ್ಲಾ ಅದಾವ್ರಿ ಗಾಡ್ಯಾಗ, ಕೊಡ್ಲೇನ್ರಿ?" ಎಂದು ಕೇಳಿದ. ಸುತ್ತಿಗೆ ಬನದೊಳಗೆ ಬರುವಂತಿಲ್ಲ, ಬೇಡ ಎಂದಾಗ, "ಹಂಗಾರ ನಾ ಮಲಗ್ತೇನ್ರಿ, ಸಂಜೀಕ ಎಬ್ಬಸ್ರಿ," ಎಂದು ಸೀಟು ಹಿಂದಕ್ಕೆ ಚಾಚಿದ. ಸುತ್ತ ಬಿಳಿಜೋಳದ ಪೈರು ಸೊಂಟದೆತ್ತರ ನಿಂತಿತ್ತು. ಗಾಳಿಗೆ ಮುರಿದ ಬೇವಿನ ಟೊಂಗೆಯೊಂದು ಹಸಿಹಸಿಯಾಗಿ ಬಿದ್ದಿತ್ತು. ತಾಯಿಯೇ ಕಡಿದು ಇಟ್ಟ ಹಾಗೆ. ಆ ದಿನದ ಉಪಕಾರಗಳಲ್ಲಿ ಮೊದಲನೆಯದು ಎಂದು ಮನಸ್ಸಿನಲ್ಲೇ ನೆನೆದೆ.

ಲಿಂಬೆಹಣ್ಣು ಕೊಯ್ದು ತಾಯಿಗಿಟ್ಟು, ಅದೇ ಚಾಕನ್ನು ಟೊಂಗೆಗೆ ಇಟ್ಟು ಒತ್ತಿದೆ. ಒತ್ತಿದಲ್ಲೇ ನಿಂತಿತು. ಎರಡೂ ಕೈಯಿಂದ ಒತ್ತಿದೆ. ಸಿಕ್ಕಿಬಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೇವಿನ ನೆರಳಿನಲ್ಲಿ ಪೇಪರು ಹರಡಿಕೊಂಡು ಕೂತಿದ್ದ ನಮ್ಮವರು, "ಚಾಕೂ ಬೆನ್ನಿಗೆ ಹೊಡೀರಿ," ಎಂದು ಉಪದೇಶ ಮಾಡಿದರು. ಹರಕೆ ಹೆಂಗಸರದ್ದು, ಅವರು ಕೈ ಹಚ್ಚುವಂತಿಲ್ಲ. ಬಾಯಿ ಹಚ್ಚಬಾರದೆಂದು ಯಾರೂ ಹೇಳಿರಲಿಲ್ಲ.

ನೀಲವ್ವ ಒಂದು ಕಲ್ಲು ಎತ್ತಿದರು.

"ಕಲ್ಲ ಬ್ಯಾಡ್ರಿ ಅಕ್ಕಾರ," ಎಂದೆ. "ಚಾಕು ಹಲ್ಲ ಕಿರೀತೈತಿ. ಇರೂದೊಂದ ಐತಿ."

"ಹಂಗಾರ ಏನಿಲೇ ಹೊಡೀಲಿ? ರೊಟ್ಟೀಲೆ ಹೊಡೀಲೇನು?"

ಕಟ್ಟಿಗೆಗೆ ಕಟ್ಟಿಗೆಯೇ ಬೇಕು ಎಂದು ಹೊಳೆಯಿತು. ಒಣಗಿ ಬಿದ್ದ ಜಾಲಿಯ ಕೊರಡೊಂದು ಸಿಕ್ಕಿತು, ತೂಕದ್ದು. ಆದರೆ ಕೈಯಲ್ಲಿ ಹಿಡಿಯಲು ಬಾರದಷ್ಟು ದಪ್ಪ. ಹಿಡಿಕೆ ಮಾಡಬೇಕೆಂದರೆ ಕೊಡತಿ ಬೇಕು, ಕೊಡತಿ ಮಾಡಬೇಕೆಂದರೆ ಹಿಡಿಕೆ ಬೇಕು. ಕೊನೆಗೆ ಒಂದು ಸಾದಾ ಕೋಲಿನಿಂದ ಚಾಕುವಿನ ಬೆನ್ನಿಗೆ ತಟ್ಟಿ ತಟ್ಟಿ, ಕೊರಡಿನ ನಡುವೆ ಸುತ್ತಲೂ ಒಂದು ಗೀರು ಕೊರೆದು, ಅಲ್ಲಿಂದ ತುದಿಯವರೆಗೆ ಸ್ವಲ್ಪ ಸ್ವಲ್ಪವೇ ಸೀಳಿ ತೆಗೆದೆ. ಗೀರು ಮುಟ್ಟಿದೊಡನೆ ಚೂರು ತಾನಾಗಿ ಹಾರಿ ಬೀಳುತ್ತಿತ್ತು. ಅದರ ಆಚೆ ಸೀಳು ಹೋಗುವುದಿಲ್ಲ. ಅಪ್ಪ ಚಿಣಿಫಣಿ ಮಾಡುವಾಗ ಮೊದಲು ಸುತ್ತ ಕೊರೆಯುತ್ತಿದ್ದುದು ಯಾಕೆಂದು ಇಷ್ಟು ವರ್ಷದ ಮೇಲೆ ತಿಳಿಯಿತು. ನನ್ನ ಅಡುಗೆಮನೆಯ ಚೆಲುವೆ ಹುಟ್ಟಿದ್ದು ಹೀಗೆ.

"ಇದೇನ್ರಿ, ಕೋಳೀ ಕಾಲ ಇದ್ಧಂಗ ಐತಿ," ಎಂದರು ನೀಲವ್ವ.

"ನೀವ್ ಕೋಳಿ ಯಾವಾಗ ನೋಡಿದ್ರಿ ಬೀಗರ, ನಿಮ್ಮನ್ಯಾಗ ಉಳ್ಳಾಗಡ್ಡೀನೂ ಸೋಮಾರ ತರೂದಿಲ್ಲ," ಎಂದೆ. ಇಬ್ಬರೂ ನಕ್ಕೆವು.

ಕೊಡತಿ ಬಂದ ಮೇಲೆ ಕೆಲಸಕ್ಕೆ ಕಾಲು ಬಂತು. ಅವರು ಟೊಂಗೆ ನೆಟ್ಟಗೆ ಹಿಡಿದರು, ನಾನು ಮೇಲೆ ಚಾಕು ಇಟ್ಟು ಬೆನ್ನಿಗೆ ಬಡಿದೆ. ಟೊಂಗೆ ಬಾಯಿ ಬಿಟ್ಟಿತು. ಬಾಯಿಯಲ್ಲಿ ಜಾಲಿಯ ಚೂಪಾದ ಚೂರೊಂದನ್ನು ಬೆಣೆಯ ಹಾಗೆ ಇಟ್ಟು ಬಡಿದರೆ ಚಾಕು ಬಿಡುಗಡೆಯಾಗಿ ಹೊರಗೆ ಬರುತ್ತಿತ್ತು. ಮುಂದಿನದನ್ನು ಬೆಣೆಯೇ ನೋಡಿಕೊಳ್ಳುತ್ತಿತ್ತು. ಆದರೆ ಒಬ್ಬರು ಹಿಡಿಯುವಾಗ ಇನ್ನೊಬ್ಬರು ಬಡಿಯುವುದೆಂದರೆ ಸಣ್ಣ ಮಾತಲ್ಲ. ನೀಲವ್ವನವರ ಬೆರಳು ಅಲ್ಲಿ, ನನ್ನ ಚಾಕು ಇಲ್ಲಿ. ಪ್ರತಿ ಏಟಿಗೂ ಅವರು ಕಣ್ಣು ಮುಚ್ಚಿ "ತಾಯೀ" ಎನ್ನುತ್ತಿದ್ದರು, ನಾನೂ "ತಾಯೀ" ಎನ್ನುತ್ತಿದ್ದೆ. ಅಷ್ಟು ಭಕ್ತಿಯಿಂದ ನಾವು ಯಾವ ಪೂಜೆಯನ್ನೂ ಮಾಡಿರಲಿಕ್ಕಿಲ್ಲ.

ಆಮೇಲೆ ಅದಕ್ಕೂ ಉಪಾಯ ಸಿಕ್ಕಿತು. ಒಂದು ಗಿಡ್ಡ ಕೊರಡಿನ ತಲೆಯನ್ನು ಅರ್ಧದವರೆಗೆ ಸೀಳಿ, ಆ ಸೀಳಿನಲ್ಲಿ ಕೆತ್ತಬೇಕಾದ ಹಲಗೆಯನ್ನು ತುರುಕಿ, ಹೊರಗಿನಿಂದ, ತೊಟ್ಟಿಲು ಕಟ್ಟಲು ತಂದಿದ್ದ ಹಗ್ಗ ಬಿಗಿದೆವು. ಇಕ್ಕಳದ ಹಾಗೆ ಕಚ್ಚಿ ಹಿಡಿಯಿತು. ನೀಲವ್ವನವರ ಬೆರಳಿಗೆ ಮುಕ್ತಿ ಸಿಕ್ಕಿತು.

ಹೆರೆಯುವ ಕೆಲಸ ಮಾತ್ರ ನನ್ನಿಂದ ಆಗಲೊಲ್ಲದು. ಚಾಕು ಹಿಡಿದು ಮುಂದಕ್ಕೆ ತಳ್ಳಿದರೆ ಒಮ್ಮೆ ಜಾರುತ್ತದೆ, ಒಮ್ಮೆ ಆಳಕ್ಕೆ ಇಳಿಯುತ್ತದೆ. ಸಾಕಾಗಿ ಕಾಲು ಚಾಚಿ ಕೂತಾಗ, ನನ್ನ ಕೈಗೆ ಬರುವುದು ಈಳಿಗೆಯೊಂದೇ ಎಂದು ನೆನಪಾಯಿತು. ಈಳಿಗೆಯಲ್ಲಿ ಅಲಗು ನಿಂತಲ್ಲೇ ನಿಂತಿರುತ್ತದೆ, ಕಾಯಿಪಲ್ಯವೇ ಅದರ ಬಳಿ ಹೋಗುತ್ತದೆ. ಪಕ್ಕದಲ್ಲಿ ಉರುಳಿ ಬಿದ್ದಿದ್ದ ಜಾಲಿ ಮರದ ಬಿರುಕಿನಲ್ಲಿ ಚಾಕುವಿನ ಹಿಡಿಕೆಯನ್ನು ಇಳಿಸಿ, ಪಕ್ಕದಲ್ಲಿ ಬೆಣೆ ಬಡಿದು ಅಲುಗದಂತೆ ಮಾಡಿ, ಮರದ ಮೇಲೆ ಒಂದು ಕಾಲಿಟ್ಟು ಕೂತೆ. ಬೇವಿನ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಸವರಿದೆ. ಬಂತು ನೋಡಿ, ಉದ್ದಕ್ಕೆ, ತೆಳ್ಳಗೆ, ಸುರುಳಿ! ನುಗ್ಗೆಕಾಯಿಯ ನಾರು ತೆಗೆದಷ್ಟು ಸಲೀಸು. ಒಂದು ಸುರುಳಿಯನ್ನು ಕೂಸಿನ ಕಿವಿಯ ಹತ್ತಿರ ಹಿಡಿದೆ. ಅದು ಬಾಯಿಗೆ ಹಾಕಿಕೊಂಡು ಬೇವಿನ ಕಹಿಗೆ ಮುಖ ಹಿಂಡಿತು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಿಚ್ಚಿದೆವು. ಉಂಡ ಮೇಲೆ ನಾನು ತೊಟ್ಟಿಲ ತಳದ ಕಡ್ಡಿಗಳನ್ನು ನೂಲಿನಿಂದ ಹೊಂದಿಸುತ್ತ ಕೂತೆ. ಚಾಕು ಬಿಡುವಾಗಿತ್ತು. ನೀಲವ್ವ ಹೋಗಿ ನನ್ನ ಮರದ ಈಳಿಗೆಯ ಮುಂದೆ ಕೂತರು. ಎಲ್ಲಿಂದಲೋ ಒಣ ಬೇವಿನ ಎರಡು ನೆಟ್ಟನೆಯ ಕಡ್ಡಿ ಆರಿಸಿ ತಂದಿದ್ದರು. ಅವನ್ನು ಒಂದೇ ಸಮನೆ ಹೆರೆಯತೊಡಗಿದರು. ನಮ್ಮ ತೊಟ್ಟಿಲಿನ ಕಡ್ಡಿಗಳಿಗಿಂತ ಗಿಡ್ಡ. ನಯವಾಗಿ, ಕಣ್ಣಿನ ಹತ್ತಿರ ಹಿಡಿದು ನೋಡಿ ನೋಡಿ ಹೆರೆಯುತ್ತಿದ್ದರು. ನನ್ನ ಕೆಲಸಕ್ಕಿಂತ ಎಷ್ಟೋ ಚಂದ ಎಂದು ಒಪ್ಪಲೇಬೇಕು.

ಗಿರಿಜಾ ಕೂಸಿಗೆ ಹಾಲು ಕುಡಿಸುತ್ತಿದ್ದವಳು ನನ್ನ ಕಡೆ ಸರಿದಳು. "ಅವ್ವಾ, ಅತ್ತಿ ಎರಡನೇದು ಮಾಡಾಕತ್ತಾರ."

"ಇಲ್ಲ ಬಿಡವಾ. ಸುಮ್ಕ ಹೊತ್ತ ಕಳೀಲಿಕ್ಕೆ..."

"ಖಾಲೀದು ಕಟ್ತಾರ. ನೀ ಹೇಳು."

ನಾನೇನು ಹೇಳಲಿ? ನನ್ನ ಮಗಳ ನೋವು ನಾನು ಬಾಗಿಲ ಹೊರಗೆ ಕೂತು ಕೇಳಿದ್ದೇನೆ. ಆದರೆ ದೇವರ ಮುಂದೆ ಇನ್ನೊಬ್ಬರು ಏನು ಬೇಡಬೇಕು, ಏನು ಬೇಡಬಾರದು ಎಂದು ಹೇಳಲು ನಾನು ಯಾರು? ನಾನು ಬೇಡಿದಾಗ ಯಾರಾದರೂ ತಡೆದಿದ್ದರೇ?

"ದೇವರನ್ನ ಕೇಳಾವ್ರಿಗೆ ಬ್ಯಾಡ ಅನ್ನಾಕ ಬರೂದಿಲ್ಲ ಗಿರಿಜಾ," ಎಂದೆ.

"ದೇವರು ಕೊಡಾಕಿ ಇರಬೌದು," ಎಂದಳು ನನ್ನ ಮಗಳು, "ಹೊಟ್ಟಿ ನಂದು."

ಅವಳ ದನಿ ಸಣ್ಣದಿತ್ತು. ನನ್ನೊಳಗೆ ಮಾತ್ರ ಬೆಣೆಯ ಹಾಗೆ ಇಳಿಯಿತು. ನೂಲು, ಕಡ್ಡಿ ಎಲ್ಲ ಉಡಿಯಲ್ಲಿ ಹಾಕಿಕೊಂಡು ಎದ್ದು ಹೋಗಿ ನೀಲವ್ವನ ಪಕ್ಕದಲ್ಲಿ ಕೂತೆ. ಹೆಂಗಸರು ಮಾಡುವುದನ್ನೇ ಮಾಡಿದೆ. ಅವರ ಬಾಣಂತನದ ಸುದ್ದಿ ತೆಗೆದೆ.

"ನಿಮ್ಮ ಹೆರಿಗಿ ಎಲ್ಲಾ ಹಗೂರ ಆಗಿದ್ವೇನ್ರಿ ಅಕ್ಕಾರ?"

"ಎಲ್ಲೀ ಹಗೂರ್ರಿ!" ಎಂದು ಅವರು ನಕ್ಕರು. ಕೈ ನಿಲ್ಲಲಿಲ್ಲ. "ಮೂರು ಹೆಣ್ಣಾದ ಮ್ಯಾಲ ನಾ ಕಾಲ ಮ್ಯಾಲ ನಿಂದ್ರತಿದ್ದಿಲ್ಲ. ಗ್ವಾಡಿ ಹಿಡಕೊಂಡು ಅಡಗೀಮನಿಗೆ ಹೋಗ್ತಿದ್ದೆ. ಆವಾಗ ನಮ್ಮತ್ತಿ ಇಲ್ಲೇ ಬಂದು ತೊಟ್ಟಿಲ ಕಟ್ಟಿದ್ರು. ಖಾಲೀದು."

"ನಿಮ್ಮನ್ನ ಕೇಳಿ ಕಟ್ಟಿದ್ರೇನ್ರಿ?"

"ಕೇಳೂದಾ?" ಅವರಿಗೆ ಅದು ಭಾರಿ ನಗೆಯ ಮಾತಾಯಿತು. "ಎಮ್ಮೀನ ಕೇಳಿ ಹಾಲ ಹಿಂಡತಾರೇನ್ರಿ? ನನಗ ಗೊತ್ತಾಗಿದ್ದು ಬಳಿಗಾರ ಬಂದಾಗ. ಅಂವ ಊರೂರು ತಿರಗಾಂವ. 'ಮತ್ತೊಂದು ಬೇಡ್ಕೊಂಡಾರಂತಲ್ಲ ತಂಗೀ' ಅಂದ. ನನ್ನ ಕೈಯಾಗ ಬಳಿ ಅರ್ಧಾ ಏರಿತ್ತು."

"ಆಮ್ಯಾಲ?"

"ಆಮ್ಯಾಲೇನು, ತಾಯಿ ಕೊಟ್ಟಳು. ನಿಮ್ಮ ಅಳ್ಯಾನ ಅಂವ."

ಆ ಖಾಲಿ ತೊಟ್ಟಿಲು ಕಟ್ಟದೆ ಇದ್ದಿದ್ದರೆ ನನ್ನ ಅಳಿಯ ಇಲ್ಲ, ನನ್ನ ಮೊಮ್ಮಗಳೂ ಇಲ್ಲ. ನನ್ನ ಬಳಿ ಏನು ವಾದ ಉಳಿಯಿತು?

ನೀಲವ್ವ ಕಡ್ಡಿಯನ್ನು ಬೆರಳಿನಿಂದ ಸವರಿ ನೋಡಿದರು. "ಮಗ ಸಿಕ್ಕ," ಎಂದರು. "ಸೊಂಟ ಹೋತು. ಅಂವನ್ನ ಎತ್ತಿಕೊಂಡು ತಿರಗಿದ್ದು ನಮ್ಮ ದೊಡ್ಡ ಮಗಳು. ನಾ ಎತ್ತಿಕೊಳ್ಳಲೇ ಇಲ್ಲರಿ. ಎತ್ತಿಕೊಳ್ಳಾಕ ಆಗ್ಲೇ ಇಲ್ಲ." ಆಮೇಲೆ ಬೇಗ, "ಇರ್ಲಿ, ಎಲ್ಲಾರ ಮನ್ಯಾಗೂ ಇದ್ದದ್ದ," ಎಂದರು. ಮತ್ತೆ ಹೆರೆಯತೊಡಗಿದರು. ಕಣ್ಣು ಮಾತ್ರ ಗಿರಿಜಾಳ ಕಡೆ ಹೋಗಿ ಬಂತು. ಗಿರಿಜಾ ಕೂಸನ್ನು ಎತ್ತಿಕೊಂಡು ನೆರಳಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ತೊಟ್ಟಿಲು ಒಂದು ರೂಪಕ್ಕೆ ಬಂತು. ಎರಡು ತುದಿಗೆ ಸೀಳಿದ ಹಲಗೆ, ಎರಡು ಬದಿಗೆ ಕಡ್ಡಿ, ತಳಕ್ಕೆ ನೂಲಿನಲ್ಲಿ ಹೆಣೆದ ಸಣ್ಣ ಕಡ್ಡಿಗಳು. ಹಲಗೆಗಳಿಗೆ ಚಾಕುವಿನ ತುದಿಯನ್ನು ತಿರುವಿ ತಿರುವಿ ತೂತು ಮಾಡಿದ್ದೆವು. ಅದರಲ್ಲಿ ಬದಿಯ ಕಡ್ಡಿ ಕೂರಿಸಿ, ಸಂದಿಗೆ ಬೆಣೆ ಬಡಿದರೆ ಮುಗಿಯಿತು. ಹಸಿ ಬೇವಿನ ಬೆಣೆ ಬಡಿದೆವು. ನಾಲ್ಕೂ ಮೂಲೆ ಬಿಗಿದು, ನಾನು ಹೆಮ್ಮೆಯಿಂದ ಎತ್ತಿ ಹಿಡಿದೆ. ಒಂದು ಮೂಲೆ ಕಳಚಿತು. ಅದನ್ನು ಹಿಡಿಯಹೋದರೆ ಇನ್ನೊಂದು. ಹಸಿ ಬೆಣೆ ಮೆತ್ತಗಾಗಿ ಹಿಂಡಿಕೊಂಡು ಹೊರಬರುತ್ತಿತ್ತು. ನಮ್ಮವರು ಪೇಪರಿನ ಹಿಂದಿನಿಂದ, "ಮೊಳಿ ಇದ್ದಿದ್ರ..." ಎಂದರು. ನಾವು ಇಬ್ಬರೂ ನೋಡಿದ ನೋಟಕ್ಕೆ ಪೇಪರು ಮತ್ತೆ ಮೇಲೇರಿತು.

"ಒಣಾ ಕಟ್ಟಿಗಿ ಬೇಕ್ರಿ," ಎಂದೆ. "ನೆಟ್ಟಂದು. ಈ ಜಾಲಿ ಎಲ್ಲಾ ಗಂಟ ಗಂಟ ಐತಿ, ಎತ್ತೆತ್ತಲೋ ಸೀಳತೈತಿ."

ಕೂಸನ್ನು ಕರೆದುಕೊಂಡು ಕತ್ತಲಾಗುವ ಮುಂಚೆ ರಾಮದುರ್ಗ ಸೇರಬೇಕಿತ್ತು. ನಾವು ಮೂವರೂ ಅತ್ತಿತ್ತ ನೋಡಿದೆವು. ಬನದಲ್ಲಿ ನೆಟ್ಟನೆಯ ಒಣ ಕಟ್ಟಿಗೆ ಇದ್ದದ್ದು ಒಂದೇ ಕಡೆ: ನೀಲವ್ವನ ಮಡಿಲಲ್ಲಿ. ನಯವಾಗಿ ಹೆರೆದ ಆ ಎರಡು ಕಡ್ಡಿ.

ಯಾರೂ ಕೇಳಲಿಲ್ಲ. ನಾನು ಕಳಚಿದ ಮೂಲೆಯನ್ನು ಹಿಡಿದುಕೊಂಡು ಕೂತಿದ್ದೆ. ಗಿರಿಜಾ ಕೂಸಿನ ಕುಲಾವಿ ಸರಿಮಾಡುತ್ತ ನಿಂತಿದ್ದಳು. ಸರಿ ಇದ್ದ ಕುಲಾವಿಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ನೀಲವ್ವ ಕಡ್ಡಿಗಳನ್ನು ಕೈಯಲ್ಲಿ ಒಮ್ಮೆ ಹೊರಳಿಸಿದರು. ಒಂದರ ತುದಿಯ ಧೂಳನ್ನು ಸೆರಗಿನಿಂದ ಒರೆಸಿದರು. ಆಮೇಲೆ ಬೆಣೆ ಸಡಿಲಿಸಿ ಚಾಕನ್ನು ಬಿರುಕಿನಿಂದ ಕಿತ್ತರು.

"ಕೊಡತಿ ಕೊಡ್ರಿ ಅಕ್ಕಾರ."

ಕೊಟ್ಟೆ. ಒಂದು ಕಡ್ಡಿಯನ್ನು ಮರದ ಮೇಲೆ ನಿಲ್ಲಿಸಿ, ತಲೆಯ ಮೇಲೆ ಚಾಕು ಇಟ್ಟರು. ನಾನು ಕೆಳಗಿನಿಂದ ಹಿಡಿದೆ. ಈ ಸಲ ಇಬ್ಬರೂ "ತಾಯೀ" ಎನ್ನಲಿಲ್ಲ. ಒಂದೇ ಏಟು. ಟಕ್ಕೆಂದು ಎರಡಾಯಿತು. ಎರಡನ್ನು ನಾಲ್ಕು ಮಾಡಿದರು. ಇನ್ನೊಂದು ಕಡ್ಡಿಯನ್ನೂ ಹಾಗೆಯೇ ಸೀಳಿ, ಒಂದೊಂದರ ತುದಿಯನ್ನು ಚೂಪು ಮಾಡಿ, ನನ್ನ ಕೈಯಿಂದ ತೊಟ್ಟಿಲು ಇಸಿದುಕೊಂಡು ಮೂಲೆ ಮೂಲೆಗೆ ಬಡಿದರು. ಒಣ ಬೆಣೆ ಹಸಿ ಹಲಗೆಯೊಳಗೆ ಕಿರ್ರೆನ್ನುತ್ತ ಇಳಿದು ಕೂತಿತು. ಎತ್ತಿ ಅಲುಗಿಸಿದರು. ಅಲುಗಲಿಲ್ಲ.

"ಇದ್ದದ್ದೊಂದು ಗಟ್ಟಿ ಇರ್ಲಿ," ಎಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಜೋರಾಗಿ, "ಏನವಾ ಗಿರಿಜಾ, ಗೊಂಬಿ ಹಂಗ ನಿಂತೀಯಲ್ಲ? ಕೂಸಿನ ಇಲ್ಲಿ ಕೊಡು. ಹೋಗಿ ಒಂದು ದುಂಡನ ಕಲ್ಲ ಹುಡಿಕ್ಕೊಂಡ ಬಾ."

ಗಿರಿಜಾ ಅಷ್ಟು ಹೊತ್ತೂ ಯಾರಿಗೂ ಕೊಡದ ಕೂಸನ್ನು ಅತ್ತೆಯ ತೊಡೆಯ ಮೇಲೆ ಮಲಗಿಸಿದಳು. ಬನದ ಆಚೆಯ ಹಳ್ಳದ ಕಡೆ ಇಳಿದು ಹೋದವಳು ಬರಲು ತಡವಾಯಿತು. ಬಂದಾಗ ಸೆರಗಿನಲ್ಲಿ ಏನೋ ಭಾರ ಹೊತ್ತಿದ್ದಳು. ಅವಳು ತಂದ ಕಲ್ಲನ್ನು ನೋಡಿ ನೀಲವ್ವ ಹಣೆ ಬಡಿದುಕೊಂಡರು.

"ಅಯ್ಯ ನನ್ನವ್ವ, ಇದೇನ ಕಲ್ಲೋ ಬೀಸೂಕಲ್ಲೋ? ತೊಟ್ಟಿಲದಷ್ಟ ಐತಲ್ಲ!"

"ಇರ್ಲಿ ಬಿಡ್ರಿ ಅತ್ತಿ," ಎಂದಳು ಗಿರಿಜಾ. ಬೈಲಹೊಂಗಲ ಬಿಟ್ಟ ಮೇಲೆ ಅವಳು ನಕ್ಕಿದ್ದು ಆಗಲೇ. "ತುಂಬ್ಕೊಂಡಿರ್ಲಿ. ಮತ್ತೊಂದಕ್ಕ ಜಾಗಾ ಉಳೀಬಾರದು."

ನೀಲವ್ವ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದರು. ಕೂಸನ್ನು ನನ್ನ ಕೈಗೆ ದಾಟಿಸಿದರು. ಕಲ್ಲನ್ನು ಎರಡೂ ಕೈಯಿಂದ ಎತ್ತಿ ತೊಟ್ಟಿಲಲ್ಲಿಟ್ಟು, ಆ ಕಡೆ ಈ ಕಡೆ ಒತ್ತಿ, ಸಂದಿ ಉಳಿಯದಂತೆ ಕೂರಿಸಿದರು. ಬೇವಿನ ಟೊಂಗೆಗೆ ಕಟ್ಟುವಾಗ ಸೊಂಟ ನೆಟ್ಟಗೆ ಮಾಡಲು ಆಗದೆ ಗಿರಿಜಾಳ ಹೆಗಲು ಹಿಡಿದುಕೊಂಡರು. "ಕೊಟ್ಟದ್ದಕ್ಕ, ತಾಯಿ," ಎಂದು ಕೂಗಿ ಹೇಳಿದರು. ಗಂಟು ಬಿಗಿದು ಕೈ ಬಿಟ್ಟಾಗ ಕಲ್ಲಿನ ಭಾರಕ್ಕೆ ಟೊಂಗೆ ಬಾಗಿತು, ಬೆಣೆಗಳು ಒಮ್ಮೆ ಕಿರ್ರೆಂದವು. ತೊಟ್ಟಿಲು ತಡೆಯಿತು.